5000 ವೋಲ್ಟ್ ಎಂದು ಬರೆದಿತ್ತಲ್ಲ?

ಕೆಪಾಸಿಟರ್‌ಗಳನ್ನು, ಅಂದರೆ ವಿದ್ಯುದಂಶ ಕೂಡಿಟ್ಟುಕೊಳ್ಳುವ ಬಿಡಿಭಾಗಗಳನ್ನು, ಹೈವೋಲ್ಟೇಜಿನಲ್ಲಿ ಪರೀಕ್ಷಿಸುವ ನಮ್ಮ ಸಾಧನದ ಮೂರನೆಯ ಚಾನೆಲ್‌ನ ಸ್ವಿಚ್ ಆರಿತ್ತು, ಅದರ ಸೂಚಕ ದೀಪವೂ ಆರಿತ್ತು. ಆದರೂ ಮೀಟರಿನ ಮೊನೆಗಳನ್ನು ಕೆಪಾಸಿಟರಿನ ಎರಡು ಕಾಲುಗಳಿಗೆ ಮುಟ್ಟಿಸಿದ ಕ್ಷಣ ಪರದೆಯ ಮೇಲೆ 300ರ ಆಸುಪಾಸಿನ ಒಂದು ಅಂಕಿ ಮಿಂಚಿತು. ಐದಾರು ಸೆಕೆಂಡಿನಲ್ಲಿ ಅದು ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಮತ್ತೊಮ್ಮೆ ಮುಟ್ಟಿಸಿದರೆ ಏನೂ ಇಲ್ಲ. ಕಿರಿಯ ಸಹೋದ್ಯೋಗಿ ಮೀಟರಿನ ಬ್ಯಾಟರಿ ಬದಲಿಸಿ ನೋಡಿದ. ಇಪ್ಪತ್ತು ನಿಮಿಷ ಬಿಟ್ಟು ಬಂದು ಮುಟ್ಟಿಸಿದಾಗ ಮತ್ತೆ ಅದೇ ಮಿಂಚು. ಮೀಟರಿನಲ್ಲಿ ದೋಷವಿರಲಿಲ್ಲ. ನಾವು ಆಯ್ದುಕೊಂಡ ಸ್ವಿಚ್‌ನಲ್ಲಿಯೂ, ಕಟ್ಟುನಿಟ್ಟಾಗಿ ಹೇಳುವುದಾದರೆ, ದೋಷವಿರಲಿಲ್ಲ. ದೋಷವಿದ್ದದ್ದು ನಾವು ಡೇಟಾಶೀಟ್ (ಬಿಡಿಭಾಗದ ಗುಣ, ಮಿತಿಗಳನ್ನು ತಯಾರಕರು ಬರೆದುಕೊಡುವ ಪತ್ರ) ಓದಿದ ರೀತಿಯಲ್ಲಿ. ಅಲ್ಲಿಗೆ ತಲುಪುವಷ್ಟರಲ್ಲಿ ಅದು ನಮ್ಮ ಮೂರನೆಯ ತಪ್ಪಾಗಿತ್ತು.

ಸಾಧನದ ಕೆಲಸ ಸರಳವಾದದ್ದು. ಎಂಟು ಫಿಲ್ಮ್ ಕೆಪಾಸಿಟರ್‌ಗಳನ್ನು ಎಂಟು ಚಾನೆಲ್‌ಗಳಲ್ಲಿ ಕೂರಿಸಿ, ಒಂದೊಂದಕ್ಕೂ 1000 ವೋಲ್ಟ್ ನೇರ ವಿದ್ಯುತ್ ಕೊಟ್ಟು, ಒಂದು ನಿಮಿಷ ಕಾದು, ಅದರ ಮೂಲಕ ಎಷ್ಟು ಸೋರುತ್ತದೆ ಎಂದು ಅಳೆಯಬೇಕು. ಆಮೇಲೆ ಖಾಲಿ ಮಾಡಬೇಕು. ಕೆಪಾಸಿಟರ್‌ಗಳು 0.1 ಮೈಕ್ರೋಫ್ಯಾರಡ್‌ನಿಂದ 10 ಮೈಕ್ರೋಫ್ಯಾರಡ್‌ವರೆಗೆ. ಹೈವೋಲ್ಟೇಜ್ ಮೂಲ ಕೊಡುವುದು ಹೆಚ್ಚೆಂದರೆ 5 ಮಿಲಿಆಂಪಿಯರ್. ಕೇಳಲು ಇದು ನಿರುಪದ್ರವಿ ಅನಿಸುತ್ತದೆ. ಆದರೆ 10 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ 1000 ವೋಲ್ಟ್‌ಗೆ ತುಂಬಿದಾಗ ಅದರಲ್ಲಿ 5 ಜೂಲ್ ಇರುತ್ತದೆ, ಎಂಟೂ ತುಂಬಿದ್ದರೆ 40. ಮೂಲದ 5 ಮಿಲಿಆಂಪಿಯರ್ ಮಿತಿ ಈ 40 ಜೂಲ್‌ಗೆ ಅನ್ವಯಿಸುವುದಿಲ್ಲ. ಈ ಒಂದು ವಾಕ್ಯವನ್ನು ಮೊದಲ ದಿನವೇ ಗೋಡೆಗೆ ಅಂಟಿಸಿಕೊಂಡಿದ್ದರೆ ನಮಗೆ ಎರಡು ತಿಂಗಳು ಉಳಿಯುತ್ತಿತ್ತು.

ಹಳೆಯ ಆವೃತ್ತಿಯಲ್ಲಿ ಹೈವೋಲ್ಟೇಜ್ ರೀಡ್ ರಿಲೇಗಳು, ಅಂದರೆ ಸುರುಳಿಯ ಅಯಸ್ಕಾಂತ ಸೆಳೆತಕ್ಕೆ ತೆಳು ಲೋಹಪಟ್ಟಿಗಳು ಒಂದನ್ನೊಂದು ಮುಟ್ಟುವ ಸ್ವಿಚ್‌ಗಳು, ಇದ್ದವು. ಕೆಲವು ತಿಂಗಳಿಗೊಮ್ಮೆ ಒಂದೆರಡರ ಸಂಪರ್ಕಗಳು ಬೆಸೆದುಕೊಂಡು, ಆರಿಸಿದರೂ ಆರದೆ ಉಳಿಯುತ್ತಿದ್ದವು. ಸಭೆಯಲ್ಲಿ ತೀರ್ಮಾನವಾಯಿತು: ಬೆಸೆದುಕೊಳ್ಳಲು ಸಂಪರ್ಕವೇ ಇಲ್ಲದ, ಎಲ್‌ಇಡಿಯ ಬೆಳಕಿನಿಂದ ಅರೆವಾಹಕವನ್ನು ಆಡಿಸುವ ಸಾಲಿಡ್ ಸ್ಟೇಟ್ ರಿಲೇ ಹಾಕೋಣ. ರಿಲೇಗಳು ಏಕೆ ಬೆಸೆದುಕೊಂಡವು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಆ ಸಭೆಯಲ್ಲಿ ನಾನೂ ಕುಳಿತಿದ್ದೆ.

ಮೊದಲ ಪ್ರಯೋಗ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಕೈಗೆ ಸಿಕ್ಕಿದ್ದು ಕೈಗಾರಿಕೆಗಳಲ್ಲಿ ಹೀಟರ್‌ಗಳಿಗೆ ಬಳಸುವ ಸಾಲಿಡ್ ಸ್ಟೇಟ್ ರಿಲೇ. ಒಳಗೆ ಎಸ್‌ಸಿಆರ್ ಎಂಬ ಅರೆವಾಹಕ ಸ್ವಿಚ್‌ಗಳ ಜೋಡಿ, 1200 ವೋಲ್ಟ್ ತಡೆಯುವ ಸಾಮರ್ಥ್ಯ. 1000 ವೋಲ್ಟ್ ಕೊಟ್ಟು ಒಳಹರಿವಿನ ಎಲ್‌ಇಡಿ ಬೆಳಗಿಸಿದೆವು. ಏನೂ ಆಗಲಿಲ್ಲ. ಆ ರಿಲೇ ಝೀರೋ ಕ್ರಾಸಿಂಗ್ ಬಗೆಯದು. ಪರ್ಯಾಯ ವಿದ್ಯುತ್ತಿನ ಅಲೆ ಸೊನ್ನೆ ದಾಟುವ ಹೊತ್ತಿಗೆ ಮಾತ್ರ, ಅಂದರೆ ಎರಡು ತುದಿಗಳ ನಡುವೆ ಸುಮಾರು 20 ವೋಲ್ಟ್‌ಗಿಂತ ಕಡಿಮೆ ಇರುವಾಗ ಮಾತ್ರ ಅದು ಹೊತ್ತಿಕೊಳ್ಳುತ್ತದೆ. ನಮ್ಮ 1000 ವೋಲ್ಟ್ ಎಂದೂ ಸೊನ್ನೆ ದಾಟುವುದಿಲ್ಲ. ಹಾಗಾಗಿ ರಿಲೇ ಬಾರದ ಬಸ್ಸಿಗೆ ಕಾಯುವವನಂತೆ ಕುಳಿತೇ ಇತ್ತು.

ಸೊನ್ನೆಗೆ ಕಾಯದ, ಯಾವಾಗ ಹೇಳಿದರೆ ಆಗ ಹೊತ್ತಿಕೊಳ್ಳುವ ಬಗೆಯದನ್ನು ತಂದೆವು. ಅದು ಹೊತ್ತಿತು, ಎಲ್‌ಇಡಿ ಆರಿಸಿದರೆ ಆರಿತು. ಕಿರಿಯನ ಮುಖ ಅರಳಿತು. ಆದರೆ ಎಸ್‌ಸಿಆರ್ ಒಮ್ಮೆ ಹೊತ್ತಿದ ಮೇಲೆ ತನ್ನ ಮೂಲಕ ಹರಿಯುವ ವಿದ್ಯುತ್ತು ಒಂದು ಮಟ್ಟಕ್ಕಿಂತ ಕೆಳಗಿಳಿಯುವವರೆಗೆ ಆರುವುದಿಲ್ಲ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೇವಲ್ಲ, ಇದು ಹೇಗೆ ಆರಿತು? ನಮ್ಮ 5 ಮಿಲಿಆಂಪಿಯರ್ ಅದನ್ನು ಹಿಡಿದಿಡಲು ಸಾಲದಷ್ಟು ಕಡಿಮೆ, ಅದಕ್ಕೆ. ಅದು ಸರಿಯಾಗಿ ಹೊತ್ತಿಕೊಂಡೇ ಇರಲಿಲ್ಲ. ತುಂಬಿದ ಕೆಪಾಸಿಟರ್ ಎದುರಿಗಿದ್ದಾಗ ಅದೇ ರಿಲೇ ಪೂರ್ತಿ ಹೊತ್ತಿಕೊಂಡು, ಕೊನೆಯ ಒಂದೆರಡು ವೋಲ್ಟ್ ಉಳಿಯುವವರೆಗೆ ಯಾರ ಮಾತನ್ನೂ ಕೇಳುವುದಿಲ್ಲ. ಮೇಲಾಗಿ 1200 ವೋಲ್ಟ್ ಎಂಬುದು ಅಲೆಯ ತುತ್ತತುದಿಗೆ ಹೇಳಿದ ಅಂಕಿ. ಅದರ ಎದುರು 1000 ವೋಲ್ಟನ್ನು ದಿನಗಟ್ಟಲೆ ನಿಲ್ಲಿಸಿ ಇಡುವುದು ನನ್ನ ಅಭಿಪ್ರಾಯದಲ್ಲಿ ಹುಂಬತನ. ಕೈಬಿಟ್ಟೆವು.

ಎರಡನೆಯ ಪ್ರಸ್ತಾಪ ಕಿರಿಯನದೇ. ಮೇಜಿನ ಮೇಲೆ ಪಿಸಿ817 ಡೇಟಾಶೀಟ್ ತಂದಿಟ್ಟ. ನಾಲ್ಕು ಕಾಲಿನ ಪುಟ್ಟ ಆಪ್ಟೋಕಪ್ಲರ್ (ಒಂದು ಬದಿಯ ಎಲ್‌ಇಡಿಯ ಬೆಳಕು ಇನ್ನೊಂದು ಬದಿಯ ಟ್ರಾನ್ಸಿಸ್ಟರನ್ನು ಆಡಿಸುವ ಬಿಡಿಭಾಗ), ಸ್ವಿಚ್ಡ್ ಮೋಡ್ ಪವರ್ ಸಪ್ಲೈಗಳಲ್ಲಿ ಮೂಲೆ ಮೂಲೆಗೂ ಕಾಣಸಿಗುವಂಥದು. "ಮೊದಲ ಪುಟದಲ್ಲೇ 5000 ವೋಲ್ಟ್ ಎಂದು ಬರೆದಿದೆ ಸರ್. ನಮಗೆ ಬೇಕಿರುವುದು ಬರೀ 1000. ರಿಲೇ ಏಕೆ, ಇದರ ಟ್ರಾನ್ಸಿಸ್ಟರನ್ನೇ ನೇರವಾಗಿ ಸ್ವಿಚ್ ಮಾಡಿಕೊಳ್ಳಬಹುದಲ್ಲ?"

ಈ ಪ್ರಶ್ನೆಯನ್ನು ನಾನು ಹಿಂದೆಯೂ ಕೇಳಿದ್ದೇನೆ, ಅನುಭವಿಗಳ ಬಾಯಲ್ಲೂ. ಆದ್ದರಿಂದ ಇದರ ಮೇಲೆ ಸ್ವಲ್ಪ ನಿಲ್ಲುತ್ತೇನೆ. ಆಪ್ಟೋಕಪ್ಲರ್‌ನ ಡೇಟಾಶೀಟಿನಲ್ಲಿ ವೋಲ್ಟ್ ಎಂಬ ಪದ ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರವಾಗಿ ಬರುತ್ತದೆ.

ಮೊದಲ ಪುಟದ 5000 ವೋಲ್ಟ್ ಎಲ್‌ಇಡಿ ಇರುವ ಬದಿಗೂ ಟ್ರಾನ್ಸಿಸ್ಟರ್ ಇರುವ ಬದಿಗೂ ನಡುವಿನ ಗೋಡೆಯದು. ಯುಎಲ್ 1577 ಎಂಬ ಮಾನದಂಡದಂತೆ ಒಂದು ನಿಮಿಷ ಆ ಗೋಡೆಯ ಮೇಲೆ 5000 ವೋಲ್ಟ್ ಆರ್‌ಎಂಎಸ್ ಹೇರಿದರೂ ಅದು ಒಡೆಯಲಿಲ್ಲ ಎಂದು ಅದರ ಅರ್ಥ. ನಿಮಿಷ ಎಂಬ ಪದವನ್ನು ಗಮನಿಸಬೇಕು. ಅದು ಗೋಡೆಗೆ ಒಡ್ಡಿದ ಪರೀಕ್ಷೆಯೇ ಹೊರತು ಗೋಡೆಯ ದಿನಚರಿಯಲ್ಲ.

ದಿನಚರಿಯ ಅಂಕಿ ಬೇರೆ ಇದೆ. ಐಇಸಿ 60747-5-5 ಮಾನದಂಡಕ್ಕೆ ಒಳಪಡಿಸಿದ ಬಿಡಿಭಾಗಗಳ ಡೇಟಾಶೀಟಿನ ಒಳಪುಟಗಳಲ್ಲಿ, ಸಾಮಾನ್ಯವಾಗಿ ಯಾರೂ ತೆರೆಯದ ಒಂದು ಕೋಷ್ಟಕದಲ್ಲಿ, ಗೋಡೆ ವರ್ಷಗಟ್ಟಲೆ ಪದೇ ಪದೇ ತಾಳಬಲ್ಲ ಗರಿಷ್ಠ ವೋಲ್ಟೇಜ್ ಕೊಟ್ಟಿರುತ್ತಾರೆ. ನಾಲ್ಕು ಕಾಲಿನ ಸಾಮಾನ್ಯ ಕಪ್ಲರ್‌ಗಳಲ್ಲಿ ಅದು ಎಷ್ಟೋ ಬಾರಿ 1000 ವೋಲ್ಟ್‌ಗಿಂತ ಕೆಳಗೇ ಇರುತ್ತದೆ. 5000 ಎಲ್ಲಿ, 1000ಕ್ಕೂ ಮುಟ್ಟದ ಇದು ಎಲ್ಲಿ? ಈ ಅಂತರಕ್ಕೆ ಕಾರಣ ಪ್ಲಾಸ್ಟಿಕ್‌ನೊಳಗೆ ಉಳಿದಿರಬಹುದಾದ ಸೂಕ್ಷ್ಮ ಗಾಳಿಗುಳ್ಳೆಗಳು. ಗುಳ್ಳೆಯೊಳಗಿನ ಗಾಳಿ ಗೋಡೆಗಿಂತ ಬಹಳ ಮೊದಲೇ ಸೋಲುತ್ತದೆ. ಗಾಳಿಯಲ್ಲಿ ಕಿಡಿ ಹಾರಲು ಬೇಕಾದ ಕನಿಷ್ಠ ವೋಲ್ಟೇಜ್ ಸುಮಾರು 330. ಗುಳ್ಳೆಯೊಳಗೆ ಹಾರುವ ಅತಿ ಸಣ್ಣ ಕಿಡಿ ಗೋಡೆಯನ್ನು ಒಡೆಯುವುದಿಲ್ಲ, ಗೆದ್ದಲಿನಂತೆ ದಿನವೂ ಒಂದಿಷ್ಟು ತಿನ್ನುತ್ತದೆ. ಒಂದು ನಿಮಿಷದ ಪರೀಕ್ಷೆಯಲ್ಲಿ ಇದು ಕಾಣುವುದೇ ಇಲ್ಲ. ಅದಕ್ಕೇ ಐಇಸಿಯ ವಿಧಾನದಲ್ಲಿ, ತಯಾರಾದ ಪ್ರತಿಯೊಂದು ಬಿಡಿಭಾಗದ ಮೇಲೂ ದಿನಚರಿಯ ಅಂಕಿಯ 1.875 ಪಟ್ಟು ವೋಲ್ಟೇಜ್ ಹೇರಿ, ಒಳಗಿನ ಕಿಡಿಗಳ ವಿದ್ಯುದಂಶ 5 ಪಿಕೋಕೂಲಂ ಮೀರುತ್ತದೆಯೇ ಎಂದು ನೋಡುತ್ತಾರೆ. ಹೈವೋಲ್ಟೇಜ್ ಕೆಲಸಕ್ಕೆ ನಾನು ನಂಬುವುದು ಈ ಅಂಕಿಯನ್ನು. ಇನ್ನೊಂದು ಮಾತು: ಅನೇಕ ಕಪ್ಲರ್‌ಗಳಲ್ಲಿ ಈ ಭರವಸೆ ಪ್ರತ್ಯೇಕ ಆಯ್ಕೆ. ಖರೀದಿ ಸಂಖ್ಯೆಯ ಬಾಲದಲ್ಲಿ ಒಂದು ಅಕ್ಷರ ಬಿಟ್ಟುಹೋದರೆ ಭರವಸೆಯೂ ಬಿಟ್ಟುಹೋಗುತ್ತದೆ.

ಮೂರನೆಯದು ಹೊರಬದಿಯ ಟ್ರಾನ್ಸಿಸ್ಟರ್ ತಾನು ಆರಿರುವಾಗ ತನ್ನ ಎರಡು ಕಾಲುಗಳ ನಡುವೆ ತಡೆಯಬಲ್ಲ ವೋಲ್ಟೇಜ್. ಪಿಸಿ817ರಲ್ಲಿ ಅದು 35. ಈಚಿನ ಆವೃತ್ತಿಗಳಲ್ಲಿ 80ರ ಸುಮಾರು. ಕೋಟೆಯ ಗೋಡೆ ಎಷ್ಟು ಎತ್ತರವಿದ್ದರೂ ಕೋಟೆಯೊಳಗಿನ ಮನೆಯ ಬಾಗಿಲಿನ ಚಿಲಕ ಅಷ್ಟೇ ಗಟ್ಟಿಯಿರಬೇಕೆಂದಿಲ್ಲ. ಹೆಚ್ಚು ತಡೆಯುವ ಫೋಟೋಟ್ರಾನ್ಸಿಸ್ಟರ್ ಕಪ್ಲರ್‌ಗಳು ಇಲ್ಲವೆಂದಲ್ಲ. ಎಚ್11ಡಿ1 ತಡೆಯುವುದು 300 ವೋಲ್ಟ್, ಎಂಓಸಿ8204 ತಡೆಯುವುದು 400. ನಮಗೆ ಅವೂ ಸಾಲವು.

ಕಿರಿಯ ಇದನ್ನೆಲ್ಲ ಕೇಳಿಯೂ ಒಂದು ಪಿಸಿ817 ಅನ್ನು ಹಳೆಯ ಬೋರ್ಡಿಗೆ ಬೆಸೆದು 1000 ವೋಲ್ಟ್ ಕೊಟ್ಟು ನೋಡಿದ. ನಾನು ತಡೆಯಲಿಲ್ಲ. ಟಪ್ ಎಂಬ ಸದ್ದೂ ಬರಲಿಲ್ಲ. ಅದು ಸುಮ್ಮನೆ ಶಾರ್ಟ್ ಆಗಿ ಕುಳಿತಿತು. ಅವನು ಈಗ ಡೇಟಾಶೀಟನ್ನು ಹಿಂದಿನ ಪುಟದಿಂದ ಓದುತ್ತಾನೆ.

ಹಾಗಾದರೆ ಏನು ಬೇಕಿತ್ತು? ಗೋಡೆಯೂ ಗಟ್ಟಿ, ಬಾಗಿಲೂ ಗಟ್ಟಿ, ನೇರ ವಿದ್ಯುತ್ತನ್ನು ಹೇಳಿದಾಗ ಆರಿಸಬೇಕು, ಆರಿದಾಗ ಸೋರಬಾರದು. ಮೂರು ದಾರಿಗಳನ್ನು ಕಾಗದದ ಮೇಲೆ ಹಾಕಿದೆವು.

ಗೇಟ್ ಚಾಲಕ ಕಪ್ಲರ್ ಮತ್ತು ಪ್ರತ್ಯೇಕ ಮಾಸ್‌ಫೆಟ್ (ಗೇಟ್ ಎಂಬ ಕಾಲಿಗೆ ವೋಲ್ಟೇಜ್ ಕೊಟ್ಟರೆ ಹೊತ್ತಿಕೊಳ್ಳುವ ಟ್ರಾನ್ಸಿಸ್ಟರ್) ಒಂದು ದಾರಿ. ಮೋಟಾರ್ ಡ್ರೈವ್‌ಗಳಲ್ಲಿ ಟಿಎಲ್‌ಪಿ250ರಂಥವು ಮಾಡುವ ಕೆಲಸ. ವೇಗ ಬೇಕಾದರೆ ಇದೇ ದಾರಿ. ಆದರೆ ನಮ್ಮ ಸ್ವಿಚ್ 1000 ವೋಲ್ಟಿನ ನೆತ್ತಿಯ ಮೇಲೆ ತೇಲುತ್ತಿರುವಂಥದು. ಚಾಲಕದ ಹೊರಬದಿಗೆ ಅಲ್ಲಿಯೇ ತೇಲುವ ಪ್ರತ್ಯೇಕ ಪವರ್ ಸಪ್ಲೈ ಬೇಕು. ಎಂಟು ಚಾನೆಲ್‌ಗೆ ಎಂಟು. ನಿಮಿಷಕ್ಕೊಮ್ಮೆ ಆಡಿಸುವ ಸ್ವಿಚ್‌ಗೆ ಇದು ಅತಿಯಾಯಿತು.

ಎರಡನೆಯದು ಫೋಟೋವೋಲ್ಟಾಯಿಕ್ ಚಾಲಕ. ಎಲ್‌ಇಡಿಯ ಎದುರು ಪುಟ್ಟ ಸೌರಕೋಶಗಳ ಸರಣಿ ಕೂರಿಸಿದ ಕಪ್ಲರ್ ಇದು; ಬೆಳಕಿನಿಂದಲೇ ಸುಮಾರು 8 ವೋಲ್ಟ್ ಹುಟ್ಟಿಸಿ ಗೇಟ್ ತುಂಬುತ್ತದೆ, ಬೇರೆ ಸಪ್ಲೈ ಬೇಡ. ನನಗೆ ಮನಸ್ಸಿನಲ್ಲಿ ಇದರ ಮೇಲೆ ಪ್ರೀತಿ ಇದೆ, ಮುಚ್ಚಿಡುವುದಿಲ್ಲ. ಇದು ಕೊಡುವ ವಿದ್ಯುತ್ತು ಹತ್ತಿಪ್ಪತ್ತು ಮೈಕ್ರೋಆಂಪಿಯರ್ ಅಷ್ಟೆ. ಗೇಟಿಗೆ 30 ನ್ಯಾನೋಕೂಲಂ ಬೇಕಿದ್ದರೆ 15 ಮೈಕ್ರೋಆಂಪಿಯರಿನಲ್ಲಿ ತುಂಬಲು 2 ಮಿಲಿಸೆಕೆಂಡ್. ಆ ಎರಡು ಮಿಲಿಸೆಕೆಂಡ್ ಮಾಸ್‌ಫೆಟ್ ಅರ್ಧ ತೆರೆದ ಬಾಗಿಲಿನಂತೆ ನಿಂತು ಬಿಸಿಯಾಗುತ್ತದೆ. ನಮ್ಮ 5 ಮಿಲಿಆಂಪಿಯರ್ ಮೂಲದಲ್ಲಿ ಅದು 5 ವಾಟ್, 10 ಮಿಲಿಜೂಲ್, ತೊಂದರೆಯಿಲ್ಲ. ತೊಡಕು ಬಂದದ್ದು ಮಾಸ್‌ಫೆಟ್‌ನ ಕಡೆಯಿಂದ. 1700 ವೋಲ್ಟ್ ದರ್ಜೆಯಲ್ಲಿ ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್‌ಗಳು ಸೊಗಸಾಗಿವೆ, ಆದರೆ ಅವಕ್ಕೆ ಗೇಟಿನಲ್ಲಿ 15ರಿಂದ 20 ವೋಲ್ಟ್ ಬೇಕು. 8 ವೋಲ್ಟ್ ಕೊಟ್ಟರೆ ಅವು ಅರೆನಿದ್ದೆಯಲ್ಲೇ ಇರುತ್ತವೆ. ಎರಡು ಚಾಲಕಗಳನ್ನು ಸರಣಿಯಲ್ಲಿ ಹಾಕಬಹುದಿತ್ತು, ಬೋರ್ಡಿನಲ್ಲಿ ಜಾಗವಿರಲಿಲ್ಲ.

ಮೂರನೆಯದು ಇದನ್ನೇ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಟ್ಟ ಫೋಟೋಮಾಸ್ ರಿಲೇ: ಎಲ್‌ಇಡಿ, ಸೌರಕೋಶ ಸರಣಿ, ಬೆನ್ನಿಗೆ ಬೆನ್ನು ಕೊಟ್ಟ ಎರಡು ಮಾಸ್‌ಫೆಟ್. 1500 ವೋಲ್ಟ್ ತಡೆಯುವ, 20 ಮಿಲಿಆಂಪಿಯರ್ ಹರಿಸುವ ದರ್ಜೆ ಸಿಗುತ್ತದೆ. 1000 ವೋಲ್ಟ್ ಕೆಲಸಕ್ಕೆ 1500ರ ಸ್ವಿಚ್ ಎಂದರೆ ಮೂರನೆಯ ಒಂದು ಭಾಗ ಕೈಯಲ್ಲಿ ಉಳಿದಂತೆ. ನಾನು ಇದಕ್ಕಿಂತ ಕಡಿಮೆ ಉಳಿಸಿಕೊಳ್ಳುವುದಿಲ್ಲ. 600 ವೋಲ್ಟಿನ ಮೂರನ್ನು ಸರಣಿಯಲ್ಲಿ ಹಾಕಿದರೆ 1800 ಆಗುವುದಿಲ್ಲವೇ ಎಂದು ಯಾರೋ ಕೇಳಿದರು. ಆರಿದ ಮೂರು ಸ್ವಿಚ್‌ಗಳು 1000 ವೋಲ್ಟನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ. ಎಲ್ಲಕ್ಕಿಂತ ಕಡಿಮೆ ಸೋರುವುದರ ಹೆಗಲ ಮೇಲೆ ಹೆಚ್ಚು ಭಾರ ಬೀಳುತ್ತದೆ. ಸಮ ಮಾಡಲು ಪಕ್ಕದಲ್ಲಿ ರೆಸಿಸ್ಟರ್ ಹಾಕಿದರೆ ಅವೇ ಸೋರುತ್ತವೆ. ಸೋರಿಕೆ ಅಳೆಯುವ ಸಾಧನದಲ್ಲಿ ಅದು ಕೂಡದು.

ಫೋಟೋಮಾಸ್ ಆಯ್ದುಕೊಂಡೆವು. ಆಯ್ಕೆ ಸರಿಯಾಗಿತ್ತು ಎಂದು ಈಗಲೂ ಅನ್ನುತ್ತೇನೆ. ಆದರೂ ಮೊದಲ ವಾರದಲ್ಲೇ ಮೂರು ಸತ್ತವು.

ಸತ್ತದ್ದು ಹೀಗೆ. ಪ್ರೋಗ್ರಾಂ ಒಂದು ಚಾನೆಲ್ ಆರಿಸಿ 0.1 ಮಿಲಿಸೆಕೆಂಡ್ ಬಿಟ್ಟು ಮುಂದಿನದನ್ನು ಹೊತ್ತಿಸುತ್ತಿತ್ತು. ಫೋಟೋಮಾಸ್‌ಗಳ ಲೆಕ್ಕ ಮಿಲಿಸೆಕೆಂಡ್‌ಗಳಲ್ಲಿ. ಎಲ್‌ಇಡಿ ಆರಿದ ಮೇಲೂ ಗೇಟ್ ಖಾಲಿಯಾಗಬೇಕು. ಹೀಗಾಗಿ ಒಂದು ಕ್ಷಣ ಎರಡೂ ಹೊತ್ತಿದ್ದವು. ಒಂದರ ತುದಿಯಲ್ಲಿ 1000 ವೋಲ್ಟ್ ತುಂಬಿದ 10 ಮೈಕ್ರೋಫ್ಯಾರಡ್, ಇನ್ನೊಂದರ ತುದಿಯಲ್ಲಿ ಖಾಲಿ ಕೆಪಾಸಿಟರ್. ನಡುವೆ ಇದ್ದದ್ದು ಎರಡು ರಿಲೇಗಳ ಕೆಲವು ನೂರು ಓಮ್ ಮಾತ್ರ. ಆಂಪಿಯರ್ ದಾಟಿದ ವಿದ್ಯುತ್ತು 20 ಮಿಲಿಆಂಪಿಯರಿನ ಬಾಗಿಲಲ್ಲಿ ನುಗ್ಗಿತು. ಸತ್ತ ಮೂರೂ ಶಾರ್ಟ್ ಆಗಿ ಸತ್ತಿದ್ದವು. ಅರೆವಾಹಕ ಸ್ವಿಚ್‌ಗಳು ಬಹುಪಾಲು ಹಾಗೆಯೇ ಸಾಯುತ್ತವೆ. ದಾರಿ ಕಡಿದು ತೆರೆದುಕೊಂಡು ಅಲ್ಲ, ದಾರಿ ಕೂಡಿಸಿ ಮುಚ್ಚಿಕೊಂಡು. ಹಾಗೆ ಸತ್ತ ಸ್ವಿಚ್ ತನ್ನ ಚಾನೆಲ್ಲಿಗೆ ಸದಾ 1000 ವೋಲ್ಟ್ ಕೊಡುತ್ತಲೇ ಇರುತ್ತದೆ, ಸೂಚಕ ದೀಪ ಮಾತ್ರ ಆರಿರುತ್ತದೆ.

ಸರಿಪಡಿಸಿದ್ದು ಎರಡು ಕಡೆ. ಪ್ರೋಗ್ರಾಂನಲ್ಲಿ ನಡುವಿನ ಬಿಡುವನ್ನು 20 ಮಿಲಿಸೆಕೆಂಡ್ ಮಾಡಿದೆವು. ಪ್ರೋಗ್ರಾಂ ತಪ್ಪಿದರೂ ಸಾಯಬಾರದೆಂದು ಪ್ರತಿ ಚಾನೆಲ್ಲಿಗೆ ಸರಣಿಯಲ್ಲಿ 56 ಕಿಲೋಓಮ್ ಹಾಕಿದೆವು. ಮೂಲದ ಹೊರಬಾಗಿಲ ಕೆಪಾಸಿಟರ್ ಪೂರ್ತಿ ತುಂಬಿದ್ದು ಚಾನೆಲ್ ಪೂರ್ತಿ ಖಾಲಿ ಇದ್ದರೂ ಈಗ ಹರಿಯುವುದು 18 ಮಿಲಿಆಂಪಿಯರ್. ಎರಡು ಚಾನೆಲ್‌ಗಳ ನಡುವೆಯಾದರೆ 9. ರೆಸಿಸ್ಟರ್ ವೈರ್‌ವೂಂಡ್, ಅಂದರೆ ತಂತಿ ಸುತ್ತಿ ಮಾಡಿದ್ದು, ಆಗಿರಬೇಕು. ತುಂಬುವಾಗ ಕೆಲವು ಜೂಲ್ ಅದರ ಪಾಲಿಗೂ ಬರುತ್ತದೆ; ತೆಳು ಫಿಲ್ಮಿನದು ಅದನ್ನು ತಾಳದು.

ಇಲ್ಲಿಗೆ ಮುಗಿಯಿತು ಅಂದುಕೊಂಡಾಗಲೇ ಮೂರನೆಯ ಚಾನೆಲ್ ಆ ಮಿಂಚು ತೋರಿಸಿದ್ದು.

ಕಾಗದದ ಮೇಲೆ ಲೆಕ್ಕ ಹಾಕಿದರೆ ಸಂಗತಿ ಕೂಡಲೇ ಬಿಚ್ಚಿಕೊಳ್ಳುತ್ತದೆ. ಆ ಚಾನೆಲ್‌ನಲ್ಲಿ ಇದ್ದದ್ದು 0.1 ಮೈಕ್ರೋಫ್ಯಾರಡ್. ಮೀಟರಿನಲ್ಲಿ 300 ಮೂಡುವಷ್ಟರಲ್ಲೇ ಅದು ಒಂದಿಷ್ಟು ಇಳಿದಿರುತ್ತದೆ; ಇಪ್ಪತ್ತು ನಿಮಿಷದಲ್ಲಿ 400 ವೋಲ್ಟಿನಷ್ಟು ಏರಬೇಕಾದರೆ ಬೇಕಾದ ಸೋರಿಕೆ ಸುಮಾರು 33 ನ್ಯಾನೋಆಂಪಿಯರ್. ಪೆಟ್ಟಿಗೆಯ ಒಳಗಿನ ಬಿಸಿಯಲ್ಲಿ ಆರಿದ ಫೋಟೋಮಾಸ್ ಅಷ್ಟು ಸೋರುವುದು ತೀರಾ ಸಹಜ. ಡೇಟಾಶೀಟ್ ಅದಕ್ಕೆ 10 ಮೈಕ್ರೋಆಂಪಿಯರ್‌ವರೆಗೆ ಅನುಮತಿ ಕೊಟ್ಟಿತ್ತು. ಮೀಟರ್ ಇದನ್ನು ಏಕೆ ಹಿಡಿಯಲಿಲ್ಲ? ಮೀಟರಿನ ಒಳಗಿನ ರೋಧ 10 ಮೆಗಾಓಮ್. ಅದು 0.1 ಮೈಕ್ರೋಫ್ಯಾರಡನ್ನು ಸೆಕೆಂಡ್‌ಗಳಲ್ಲಿ ಖಾಲಿ ಮಾಡುತ್ತದೆ, ಆಮೇಲೆ 33 ನ್ಯಾನೋಆಂಪಿಯರಿಗೆ ಅದು ತೋರಿಸುವುದು 0.33 ವೋಲ್ಟ್. ಅಂದರೆ ಅಳೆಯಲು ಹೋದವನೇ ಸಾಕ್ಷ್ಯ ಅಳಿಸುತ್ತಿದ್ದ. ಮೀಟರನ್ನು ಮೊದಲಿನಿಂದಲೂ ಸಿಕ್ಕಿಸಿಟ್ಟು ನೋಡಿದ್ದರೆ ಎಲ್ಲ ಸರಿಯಿದೆ ಎಂದು ಸಹಿ ಹಾಕುತ್ತಿದ್ದೆವು.

ಇದರಲ್ಲಿ ನನ್ನನ್ನು ನಿಜಕ್ಕೂ ಕಂಗೆಡಿಸಿದ್ದು ಇನ್ನೊಂದು. ಕೆಪಾಸಿಟರ್ ಕಳಪೆಯಾಗಿದ್ದರೆ ಸ್ವಿಚ್ ಸೋರಿಸಿದ್ದನ್ನು ಅದೂ ಸೋರಿಸಿಬಿಡುತ್ತದೆ, ವೋಲ್ಟೇಜ್ ಏರುವುದಿಲ್ಲ. ಕೆಪಾಸಿಟರ್ ಒಳ್ಳೆಯದಾದಷ್ಟೂ ಹೆಚ್ಚು ಏರುತ್ತದೆ. ಒಳ್ಳೆಯ ಪಾಲಿಪ್ರೊಪಿಲೀನ್ 10 ಮೈಕ್ರೋಫ್ಯಾರಡ್ ಒಂದನ್ನು ಆರಿದ ಚಾನೆಲ್ಲಿನಲ್ಲಿ ಬಿಟ್ಟು, ಪಕ್ಕದ ಚಾನೆಲ್ಲಿನಲ್ಲಿ ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ದೀರ್ಘಪರೀಕ್ಷೆ ನಡೆಸಿದೆವು ಎಂದುಕೊಳ್ಳಿ. ಕೆಪಾಸಿಟರಿನ ಸ್ವಂತ ಸೋರಿಕೆ ನಗಣ್ಯವಾಗಿದ್ದರೆ ಅದೇ 33 ನ್ಯಾನೋಆಂಪಿಯರ್ ಅದನ್ನು 400 ವೋಲ್ಟಿನ ಮೇಲಕ್ಕೆ ಒಯ್ಯಬಲ್ಲದು. ಸೋಮವಾರ ಬಂದವನು ದೀಪ ಆರಿದೆ ಎಂದು ಕೈ ಹಾಕುತ್ತಾನೆ. ಅಳತೆ ಸಾಧನಗಳ ಸುರಕ್ಷತೆಯ ಐಇಸಿ 61010-1 ಮುಟ್ಟಬಹುದಾದ ನೇರ ವಿದ್ಯುತ್ತಿಗೆ ಇಟ್ಟಿರುವ ಗಡಿ 60 ವೋಲ್ಟ್.

ಕಡಿಮೆ ಸೋರುವ ಸ್ವಿಚ್ ಹುಡುಕೋಣ ಎಂದು ಕಿರಿಯ ಹೊರಟ. ನಾನು ಬೇಡವೆಂದೆ. ಸೋರದ ಅರೆವಾಹಕ ಇಲ್ಲ, ಬಿಸಿ ಏರಿದರೆ ಸೋರಿಕೆಯೂ ಏರುತ್ತದೆ. ಸೋರಿದ್ದು ಎಲ್ಲಿ ಹೋಗಬೇಕು ಎಂಬುದನ್ನು ನಾವು ಹೇಳಬೇಕು. ಪ್ರತಿ ಚಾನೆಲ್ಲಿನ ಮೇಲ್ತುದಿಯಿಂದ ನೆಲಕ್ಕೆ ಸದಾ ಇರುವ ಒಂದು ರೆಸಿಸ್ಟರ್ ಹಾಕಿದರೆ ಸಾಕು. ಎಷ್ಟು? 10 ಮೆಗಾಓಮ್ ಹಾಕಿದರೆ, ಡೇಟಾಶೀಟಿನ ಅತಿ ಕೆಟ್ಟ 10 ಮೈಕ್ರೋಆಂಪಿಯರಿಗೆ 100 ವೋಲ್ಟ್ ಉಳಿಯುತ್ತದೆ, ಗಡಿ ಮೀರಿತು. 4.7 ಮೆಗಾಓಮ್ ಹಾಕಿದರೆ 47 ವೋಲ್ಟ್. ಅದನ್ನೇ ಹಾಕಿದೆವು. ಚಾನೆಲ್ ಹೊತ್ತಿರುವಾಗ ಅದು ಕುಡಿಯುವುದು 0.21 ಮಿಲಿಆಂಪಿಯರ್, ಎಂಟಕ್ಕೂ ಸೇರಿ 1.7, ಮೂಲ ತಾಳುತ್ತದೆ. 56 ಕಿಲೋಓಮಿನಲ್ಲಿ ಇದರಿಂದ 12 ವೋಲ್ಟ್ ಕಳೆದುಹೋಗುತ್ತದೆ, ಮೂಲವನ್ನು 1012ಕ್ಕೆ ಏರಿಸಿದರೆ ಆಯಿತು. ಒಂದೇ ಚಿಕ್ಕ ರೆಸಿಸ್ಟರಿನ ಮೇಲೆ 1000 ವೋಲ್ಟ್ ಹಾಕುವಂತಿಲ್ಲ. ಬೋರ್ಡ್ ಮೇಲೆ ಕೂರುವ 1206 ಅಳತೆಯದರ ಮಿತಿ ಸಾಮಾನ್ಯವಾಗಿ 200 ವೋಲ್ಟ್. ಆದ್ದರಿಂದ 470 ಕಿಲೋಓಮಿನ ಹತ್ತು, ಒಂದೊಂದಕ್ಕೆ 100 ವೋಲ್ಟ್.

ಆದರೆ ಸೋರಿಕೆ ಅಳೆಯುವ ಸಾಧನದಲ್ಲಿ ರೆಸಿಸ್ಟರ್ ಸೋರುವುದು ಕೂಡದು ಎಂದು ಈಗಷ್ಟೇ ಅಂದೆನಲ್ಲ? ಅದು ಕೂಡದಿದ್ದದ್ದು ಅಳತೆಯ ದಾರಿಯಲ್ಲಿ. ನಾವು ಅಳೆಯುವುದನ್ನು ಕೆಪಾಸಿಟರಿನ ಕೆಳತುದಿಗೆ ಒಯ್ದೆವು. ಮೇಲ್ತುದಿಯಿಂದ ನೆಲಕ್ಕೆ ಹೋದ 0.21 ಮಿಲಿಆಂಪಿಯರ್ ಅಳತೆಯ ಆಂಪ್ಲಿಫಯರಿನ ಬಾಗಿಲಿಗೆ ಬರುವುದೇ ಇಲ್ಲ. ಬರುವುದು ಕೆಪಾಸಿಟರಿನ ಒಡಲಿನಿಂದ ಹಾದುಬಂದದ್ದು ಮಾತ್ರ. ಪಾಲಿಪ್ರೊಪಿಲೀನ್‌ಗೆ ಡೇಟಾಶೀಟ್‌ಗಳು ಸಾಮಾನ್ಯವಾಗಿ ಕೊಡುವ 30,000 ಸೆಕೆಂಡ್ ಎಂಬ ಕನಿಷ್ಠ ಅಂಕಿಯಂತೆ (ಅದು ರೋಧ ಮತ್ತು ಕೆಪಾಸಿಟನ್ಸ್‌ಗಳ ಗುಣಲಬ್ಧ) 10 ಮೈಕ್ರೋಫ್ಯಾರಡಿನ ರೋಧ 3 ಗಿಗಾಓಮ್, 1000 ವೋಲ್ಟಿಗೆ 333 ನ್ಯಾನೋಆಂಪಿಯರ್. ಪಕ್ಕದಲ್ಲೇ ಅದರ ಆರುನೂರು ಪಟ್ಟು ಹರಿಯುತ್ತಿದ್ದರೂ ಅಳತೆಗೆ ಅದರ ಸುಳಿವಿಲ್ಲ. ಹತ್ತು ರೆಸಿಸ್ಟರಿನ ಸರಣಿಯ ಬುಡಕ್ಕೆ 22 ಕಿಲೋಓಮ್ ಸೇರಿಸಿದಾಗ ಅದೇ ಸರಣಿ ಚಾನೆಲ್ಲಿನ ವೋಲ್ಟೇಜ್ ಹೇಳುವ ಮಾಪಕವೂ ಆಯಿತು: 1000 ವೋಲ್ಟಿಗೆ 4.66 ವೋಲ್ಟ್. ಸೂಚಕ ದೀಪವನ್ನು ಈಗ ಪ್ರೋಗ್ರಾಂನ ಆಜ್ಞೆಗೆ ಅಲ್ಲ, ಈ ಮಾಪಕಕ್ಕೆ ಕಟ್ಟಿದ್ದೇವೆ. ಸ್ವಿಚ್ ಶಾರ್ಟ್ ಆಗಿ ಸತ್ತರೆ ದೀಪ ಹೇಳುತ್ತದೆ.

ಬೋರ್ಡಿನ ವಿನ್ಯಾಸದ ಬಗ್ಗೆ ಎರಡು ಮಾತು. ಫೋಟೋಮಾಸ್‌ನ ಅಡಿಯಲ್ಲಿ ಬೋರ್ಡನ್ನು ಕೊರೆದು ಸೀಳು ಮಾಡಿದರೆ ಕ್ರೀಪೇಜ್, ಅಂದರೆ ಮೇಲ್ಮೈಯಗುಂಟ ಒಂದು ಕಾಲಿನಿಂದ ಇನ್ನೊಂದಕ್ಕೆ ಇರುವ ದೂರ, ಹೆಚ್ಚುತ್ತದೆ ಎಂದು ಎಲ್ಲರೂ ಸೀಳುತ್ತಾರೆ. ಹೆಚ್ಚುವುದು ಬೋರ್ಡಿನ ದೂರ. ಬಿಡಿಭಾಗದ ಸ್ವಂತ ಮೈಯ ಮೇಲಿನ ದೂರ ಇದ್ದಷ್ಟೇ ಇರುತ್ತದೆ. ಐಇಸಿ 60664-1ರ ಕೋಷ್ಟಕದಲ್ಲಿ, ಸಾಧಾರಣ ಧೂಳಿನ ಪರಿಸರದಲ್ಲಿ, ಸಾಧಾರಣ ಪ್ಲಾಸ್ಟಿಕ್‌ಗೆ 1000 ವೋಲ್ಟಿಗೆ ಬೇಕಾದದ್ದು 10 ಮಿಲಿಮೀಟರ್. ಮುಟ್ಟುವವನಿಗೂ ಹೈವೋಲ್ಟೇಜಿಗೂ ನಡುವೆ ಇದೊಂದೇ ಗೋಡೆಯಾದರೆ 20. ಕಾಲು ಅಗಲಿಸಿದ ಪೊಟ್ಟಣದಲ್ಲಿಯೂ ಸಾಮಾನ್ಯವಾಗಿ ಸಿಗುವುದು 8ರ ಸುಮಾರು. ಕೋಷ್ಟಕದೊಡನೆ ವಾದಿಸಿ ಪ್ರಯೋಜನವಿಲ್ಲ. ಒಳ್ಳೆಯ ದರ್ಜೆಯ ಪ್ಲಾಸ್ಟಿಕ್ ಇದ್ದರೆ ಅದೇ ಕೋಷ್ಟಕ 5 ಮಿಲಿಮೀಟರಿಗೆ ಇಳಿಯುತ್ತದೆ, ಅಂಥ ಪ್ಲಾಸ್ಟಿಕ್ಕಿನ ಬಿಡಿಭಾಗ ಆಯ್ದುಕೊಂಡೆವು. ನಿಯಂತ್ರಣದ ಬದಿಯನ್ನು ಲೋಹದ ಪೆಟ್ಟಿಗೆಯ ಮೂಲಕ ಭೂಮಿಗೆ ಕಟ್ಟಿ ಎರಡನೆಯ ರಕ್ಷಣೆ ಕೊಟ್ಟೆವು. ಇನ್ನೊಂದು ಕಡೆ ಬಹಳ ಜನರ ಕಣ್ಣು ಹೋಗುವುದಿಲ್ಲ: ಆರಿದ ಸ್ವಿಚ್‌ನ ಎರಡು ಹೊರಕಾಲುಗಳ ನಡುವೆಯೂ ಅದೇ 1000 ವೋಲ್ಟ್ ನಿಂತಿರುತ್ತದೆ, ಮತ್ತು ಅವು ಪೊಟ್ಟಣದ ಒಂದೇ ಬದಿಯಲ್ಲಿ ಅಕ್ಕಪಕ್ಕ ಇರುತ್ತವೆ. ಸೀಳು ಅಲ್ಲಿಯೂ ಬೇಕು, ಬೆಸುಗೆಯ ಜಿಡ್ಡು ತೊಳೆದು ಮೇಲೆ ಲೇಪವೂ ಬೇಕು.

ಎಲ್‌ಇಡಿಯ ಬದಿ ಬೇಗ ಮುಗಿಯಿತು. 5 ವೋಲ್ಟ್ ಸಪ್ಲೈ, ಎಲ್‌ಇಡಿಗೆ 1.25, ಚಾಲಕ ಟ್ರಾನ್ಸಿಸ್ಟರಿಗೆ 0.7, ಉಳಿದದ್ದಕ್ಕೆ 330 ಓಮ್: 9 ಮಿಲಿಆಂಪಿಯರ್. ಹೊತ್ತಿಕೊಳ್ಳಲು ಬೇಕಾದ ಕನಿಷ್ಠಕ್ಕಿಂತ ಇದು ಸಾಕಷ್ಟು ಮೇಲಿದೆ, ಎಲ್‌ಇಡಿ ಮುದಿಯಾಗುತ್ತ ಬೆಳಕು ಕಳೆದುಕೊಳ್ಳುವುದಕ್ಕೂ ಜಾಗವಿದೆ. ಮೈಕ್ರೋಕಂಟ್ರೋಲರ್ ಎಚ್ಚರಗೊಳ್ಳುವ ಮೊದಲು ಅದರ ಕಾಲುಗಳು ಗಾಳಿಯಲ್ಲಿ ತೂಗಾಡುತ್ತಿರುತ್ತವೆ, ಆಗ ಎಲ್‌ಇಡಿ ಅರೆಬರೆ ಬೆಳಗಬಾರದೆಂದು ಪ್ರತಿಯೊಂದನ್ನೂ ರೆಸಿಸ್ಟರಿನಿಂದ ನೆಲಕ್ಕೆ ಎಳೆದು ಕಟ್ಟಿದ್ದೇವೆ.

ಖಾಲಿ ಮಾಡುವ ಸ್ವಿಚ್ ಉಳಿದಿತ್ತು. ಅದಕ್ಕೂ ಫೋಟೋಮಾಸ್ ಎಂದು ಚಿತ್ರದಲ್ಲಿ ಬರೆದಿತ್ತು. ಕರೆಂಟ್ ಹೋದರೆ ಎಲ್‌ಇಡಿ ಆರುತ್ತದೆ, ಎಲ್‌ಇಡಿ ಆರಿದರೆ ಸ್ವಿಚ್ ತೆರೆದುಕೊಂಡು ದಾರಿ ಕಡಿಯುತ್ತದೆ, 40 ಜೂಲ್ ಒಳಗೇ ಉಳಿಯುತ್ತದೆ. 4.7 ಮೆಗಾಓಮ್ ಅದನ್ನು 60 ವೋಲ್ಟಿಗಿಳಿಸಲು ಎರಡು ನಿಮಿಷಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತದೆ, ಅವಸರದವನು ಅಷ್ಟು ಕಾಯುವುದಿಲ್ಲ. ಕರೆಂಟ್ ಇಲ್ಲದಾಗ ಮುಚ್ಚಿಕೊಂಡೇ ಇರುವ ಸ್ವಿಚ್ ಬೇಕಿತ್ತು. ಈ ವೋಲ್ಟೇಜಿನಲ್ಲಿ ಅಂಥ ಫೋಟೋಮಾಸ್ ನಮಗೆ ಸಿಗಲಿಲ್ಲ. ಸಿಕ್ಕಿದ್ದು ಹೈವೋಲ್ಟೇಜ್ ರೀಡ್ ರಿಲೇ, ಸಹಜ ಸ್ಥಿತಿಯಲ್ಲಿ ಮುಚ್ಚಿರುವ ಬಗೆಯದು. 100 ಕಿಲೋಓಮ್ ಸರಣಿಯಲ್ಲಿ ಹಾಕಿದ್ದರಿಂದ ಅದರ ಸಂಪರ್ಕದಲ್ಲಿ ಹರಿಯುವುದು ಹೆಚ್ಚೆಂದರೆ 10 ಮಿಲಿಆಂಪಿಯರ್. ಮೂರು ಸೆಕೆಂಡಿನಲ್ಲಿ 10 ಮೈಕ್ರೋಫ್ಯಾರಡ್ 50 ವೋಲ್ಟಿಗೆ ಇಳಿಯುತ್ತದೆ.

ಹೀಗೆ, ಬೆಸೆದುಕೊಳ್ಳುತ್ತದೆ ಎಂದು ಹೊರಹಾಕಿದ್ದ ರೀಡ್ ರಿಲೇ ಹಿಂಬಾಗಿಲಿನಿಂದ ಮರಳಿ ಬಂತು. ಆಗ ಕಿರಿಯ ಕೇಳಿದ: "ಹಳೆಯ ಬೋರ್ಡಿನಲ್ಲಿ ಸರಣಿ ರೆಸಿಸ್ಟರ್ ಇತ್ತೇ ಸರ್?"

ಇರಲಿಲ್ಲ. ತುಂಬಿದ ಕೆಪಾಸಿಟರಿನಿಂದ ಖಾಲಿ ಕೆಪಾಸಿಟರಿಗೆ ತಂತಿಯ ರೋಧವೊಂದನ್ನು ಬಿಟ್ಟು ಏನೂ ಅಡ್ಡವಿರಲಿಲ್ಲ. ಬಿಡುವಿನ ಸಮಯವೂ ಅದೇ 0.1 ಮಿಲಿಸೆಕೆಂಡ್. ರೀಡ್ ರಿಲೇಗಳನ್ನು ಬೆಸೆದದ್ದು, ಫೋಟೋಮಾಸ್‌ಗಳನ್ನು ಕೊಂದದ್ದು ಒಂದೇ ಕೈ. ಸೋರಿಕೆಯ ವಿಷಯದಲ್ಲಿ ತೆರೆದ ರೀಡ್ ರಿಲೇಗೆ ಯಾವ ಅರೆವಾಹಕವೂ ಸಮನಲ್ಲ. ಹಳೆಯ ಬೋರ್ಡಿಗೆ ಎಂಟು ರೆಸಿಸ್ಟರ್ ಬೆಸೆದು ಪ್ರೋಗ್ರಾಂನಲ್ಲಿ ಒಂದು ಸಂಖ್ಯೆ ಬದಲಿಸಿದ್ದರೆ ಸಾಕಾಗುತ್ತಿತ್ತು. ದಿನಗಟ್ಟಲೆ ಸಾವಿರಾರು ಬಾರಿ ಆಡಿಸುವ ದೀರ್ಘಪರೀಕ್ಷೆಗೆ ಫೋಟೋಮಾಸ್‌ನ ಪರವಾಗಿ ನಾನು ಈಗಲೂ ವಾದಿಸುತ್ತೇನೆ, ತುಂಬುವ ಸ್ವಿಚ್‌ನಲ್ಲಿ ಅದೇ ಉಳಿದಿದೆ. ಆದರೆ ಮೊದಲ ಸಭೆಯ ಕಾರಣಕ್ಕಾಗಿ ಅಲ್ಲ.

ಹಳೆಯ ಬೋರ್ಡುಗಳಲ್ಲಿ ಒಂದನ್ನು ಕಿರಿಯ ಎತ್ತಿಟ್ಟುಕೊಂಡಿದ್ದ. ಅದಕ್ಕೆ ಎಂಟು ರೆಸಿಸ್ಟರ್ ಬೆಸೆದು ಪಕ್ಕದ ಮೇಜಿನಲ್ಲಿ ಓಡಿಸುತ್ತಿದ್ದಾನೆ. ಈವರೆಗೆ ಒಂದು ರಿಲೇಯೂ ಬೆಸೆದುಕೊಂಡಿಲ್ಲ.